ಖೋಲಿ ಖಾನಿಗೆ ಕೈ ಹಾಕಬ್ಯಾಡ್ರಿ

ನಿಂತು ಉಣ್ಣುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಅನ್ನದ ಮುಂದೆ ಕೂತು ಮರ್ಯಾದೆ ಕೊಡಬೇಕು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ಅದಕ್ಕಿಂತ, ಕೂತು ಉಂಡರೆ ಎರಡು ರೊಟ್ಟಿ ಹೆಚ್ಚು ಹೋಗುತ್ತವೆ ಎಂಬುದನ್ನು ನಂಬಿದವಳು. ಹಾಗಾಗಿ ಮಾನ್ವಿಯ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಆ ಪಿ.ಟಿ. ಟೀಚರ್ ವರ್ಗವಾಗಿ ಬಂದ ಮೊದಲ ದಿನವೇ ನನಗೆ ಅವರ ಮೇಲೆ ಸಣ್ಣ ಮುನಿಸು ಬಂತು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಡಬ್ಬಿ ಬಿಚ್ಚಿಕೊಂಡು ಕೂತಿದ್ದರೆ ಇವರು ಕಿಟಕಿಯ ಹತ್ತಿರ ನಿಂತು, ಅಂಗೈಯಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಪಲ್ಯ ಇಟ್ಟುಕೊಂಡು, ಮೈದಾನದ ಕಡೆ ಒಂದು ಕಣ್ಣು ಹಾಕಿ ಊಟ ಮುಗಿಸಿದರು.

"ಕುಂದರ್ರಿ ಟೀಚರ್" ಅಂದೆ.

"ಇರ್ಲಿ ಬಿಡ್ರಿ. ಹುಡುಗ್ಯಾರನ್ನ ಕರಕೊಂಡು ಊರೂರು ತಿರುಗಿದಾಕಿ ನಾನು. ಎಲ್ರಿಗೂ ಬಡಿಸಿ, ತಲಿ ಎಣಿಸಿ, ನಿಂತಲ್ಲೇ ಉಣ್ಣೋದು ರೂಢಿ ಆಗ್ಯದ."

ಹೋದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮಾತಾಡಿದವರೆಲ್ಲ ಶಿಸ್ತು, ಸಮಯಪಾಲನೆ, ಸರಳತೆ ಎಂದರು. ಅವು ಯಾವ ಪಿ.ಟಿ. ಟೀಚರಿಗೆ ತೊಡಿಸಿದರೂ ಹೊಂದುವ ಅಂಗಿಗಳು. ನನಗೂ ಎರಡು ನಿಮಿಷ ಕೊಟ್ಟಿದ್ದರು. ಎರಡು ನಿಮಿಷದಲ್ಲಿ ನಮ್ಮ ನೇಪಾಳದ ಕತೆ ಮುಗಿಯುವುದಿಲ್ಲವಲ್ಲ, ಹಾಗಾಗಿ ಶಾಲು ಹೊದಿಸಿ ಇಳಿದುಬಂದೆ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ತಮ್ಮೂರು ಮಸರಕಲ್ಲಿನಿಂದಲೇ ಸೀಟಿ ಊದಿಯಾರು.

ಆ ಸೀಟಿಯ ಬಗ್ಗೆ ಮೊದಲು ಹೇಳಿಬಿಡಬೇಕು. ಗಿಡ್ಡ ಆಳು, ಸೀರೆಯ ಕೆಳಗೆ ಬಿಳಿ ಬೂಟು, ಕೊರಳಿಗೆ ಬೇರೆ ಏನೂ ಇಲ್ಲದೆ ಕಪ್ಪು ದಾರದಲ್ಲಿ ಒಂದು ಉಕ್ಕಿನ ಸೀಟಿ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಟೈಮ್ ಔಟ್ ತಗೊಂಡಿದ್ನಿ, ಆಟ ಶುರು ಮಾಡೋದು ಮರತೇ ಬಿಟ್ನಿ" ಅನ್ನುತ್ತಿದ್ದರು. ಕೇಳಿದವರಿಗೆ ನಗಬೇಕೋ ಬಿಡಬೇಕೋ ತಿಳಿಯುತ್ತಿರಲಿಲ್ಲ. ಸ್ಟಾಫ್ ಮೀಟಿಂಗಿನಲ್ಲಿ ಹೆಡ್‌ಮಾಸ್ತರು ವಿಷಯ ಬಿಟ್ಟು ಎತ್ತೆತ್ತಲೋ ಹೋದಾಗ ಇವರ ಕೈ ತಾನಾಗಿಯೇ ಸೀಟಿಯ ಮೇಲೆ ಹೋಗುತ್ತಿತ್ತು. ಊದುತ್ತಿರಲಿಲ್ಲ. ಆದರೆ ಹೆಡ್‌ಮಾಸ್ತರು ಆ ಕೈಯನ್ನು ನೋಡಿ ಮಾತು ಮುಗಿಸುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ.

ಖೋಖೋ ಆಡುವಾಗ ಮೊಣಕಾಲು ತರಚಿಕೊಂಡು ಅಳುವ ಹುಡುಗಿಗೆ ಅವರದು ಒಂದೇ ಮಾತು: "ಮೊದ್ಲ ಎದ್ದು ನಿಂದ್ರು. ಅಳೋದು ಆಮ್ಯಾಲ, ಪುರಸೊತ್ತೀಲೆ." ಎದ್ದು ನಿಂತ ಮೇಲೆ ಯಾರೂ ಅಳುತ್ತಿರಲಿಲ್ಲ.

ಆ ಹುಡುಗಿಯರನ್ನು ತಾಲೂಕು ಪಂದ್ಯ, ಜಿಲ್ಲಾ ಪಂದ್ಯ ಎಂದು ಕರೆದುಕೊಂಡು ಹೋಗಲು ಸಿಗುವ ಹಣ ಎಷ್ಟೆಂದು ಹೇಳಿದರೆ ನೀವು ನಗುತ್ತೀರಿ. ಅದರಲ್ಲೇ ಅವರು ಎಲ್ಲರಿಗೂ ಹೊಟ್ಟೆ ತುಂಬ ಉಣಿಸಿ, ಮಲಗಿಸಿ, ಬರುವಾಗ ಆ ಊರಿನಲ್ಲಿ ನೋಡುವಂಥದ್ದು ಏನಾದರೂ ಒಂದನ್ನು ತೋರಿಸಿಯೇ ತರುತ್ತಿದ್ದರು. ಅದಕ್ಕೆ ಅವರದೊಂದು ಪದ್ಧತಿ ಇತ್ತು. ಅವರ ತಾಯಿ ಎಲೆ ಅಡಿಕೆಗೆ ಇಟ್ಟುಕೊಳ್ಳುತ್ತಿದ್ದ ಹಳೆಯ ಬಟ್ಟೆಯ ಸಂಚಿ, ಮೂರು ಖಾನೆಯದು. ಮೊದಲ ಖಾನೆ ಊಟದ್ದು, ನಡುವಿನದು ಮಲಗುವ ಜಾಗದ್ದು, ಕೊನೆಯದು ನೋಡುವುದರದ್ದು. ಹೊರಡುವ ಮುಂಜಾನೆ ಹಣ ಹಂಚಿ ಹಾಕಿಬಿಟ್ಟರೆ ಮುಗಿಯಿತು. ಒಂದು ಖಾನೆಯದು ಇನ್ನೊಂದಕ್ಕೆ ಹೋಗುವಂತಿಲ್ಲ.

"ಲೈನ್ ದಾಟಿದ್ರ ಫೌಲ್" ಅನ್ನುತ್ತಿದ್ದರು. "ಊಟದಾಗ ಉಳದ್ರ ಇನ್ನಷ್ಟು ಉಣ್ರಿ. ನೋಡೋದ್ರಾಗ ಉಳದ್ರ ಇನ್ನಷ್ಟು ನೋಡ್ರಿ. ಅದರ ರೊಕ್ಕ ಇದಕ್ಕ ಜಿಗಸಬ್ಯಾಡ್ರಿ."

ಚಹಾಕ್ಕೆ ಆ ಸಂಚಿಯಲ್ಲಿ ಖಾನೆಯೇ ಇರಲಿಲ್ಲ ಎಂಬುದು ನನ್ನ ಹಳೆಯ ತಕರಾರು. ಅದು ಈಗಲೂ ಬಗೆಹರಿದಿಲ್ಲ.

ನೇಪಾಳದ ಮಾತು ಹುಟ್ಟಿದ್ದು ಕೆಲವು ವರ್ಷಗಳ ಹಿಂದೆ, ಸ್ಟಾಫ್ ರೂಮಿನಲ್ಲಿ. ನಮ್ಮ ಸೈನ್ಸ್ ಟೀಚರ್ ವಯಸ್ಸಿನಲ್ಲಿ ನಮ್ಮೆಲ್ಲರಿಗಿಂತ ಚಿಕ್ಕವಳು, ಮೊಬೈಲಿನಲ್ಲಿ ಸದಾ ಯಾವುದಾದರೂ ದೇಶ ತೆರೆದು ಕೂತಿರುವವಳು. ದಸರಾ ರಜೆಗೆ ಹೆಣ್ಣುಮಕ್ಕಳಷ್ಟೇ ಸೇರಿ ಫಾರಿನ್ನಿಗೆ ಹೋಗೋಣ ಎಂದಳು. ಸಿಂಗಾಪುರ ಎಂದಳು, ದುಬೈ ಎಂದಳು. ವಿಮಾನದ ದರ ಓದಿ ಹೇಳಿದಾಗ ನಾನು ಎರಡನೆಯ ರೊಟ್ಟಿ ಹಾಗೇ ಬಿಟ್ಟೆ. ಕಿಟಕಿಯ ಹತ್ತಿರದಿಂದ ಪಿ.ಟಿ. ಟೀಚರ್ ಹೇಳಿದರು:

"ನೇಪಾಳಕ್ಕ ಹೋಗೂಣು. ರೈಲಿನಾಗ ಹೋಗಿ ಗಡಿ ನಡದು ದಾಟೂಣು."

"ನೇಪಾಳ ಏನು ಫಾರಿನ್ನೇನ್ರಿ?" ಸೈನ್ಸ್ ಟೀಚರ್ ಮುಖ ಸಣ್ಣದು ಮಾಡಿದಳು.

"ಗಡಿ ದಾಟಿದ್ರ ಫಾರಿನ್. ನಮ್ಮವ್ವನ್ನೂ ಕರಕೊಂಡು ಬರ್ತೀನಿ. ಅಕಿ ಗ್ವಾಡಿಗೆ ಬುದ್ಧನ ಫೋಟೋ ಹಾಕ್ಯಾಳ. ದಿನಾ ದೀಪ ಹಚ್ಚೋವಾಗ ಕೇಳ್ತಾಳ, ಈತ ಹುಟ್ಟಿದ ಊರು ದೇವದುರ್ಗಕ್ಕಿಂತ ದೂರ ಏನು ಅಂತ."

ಅವರ ತಾಯಿಯನ್ನು ನಾನು ಬಲ್ಲೆ. ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ ತಮ್ಮದೇ ಮನೆಯಲ್ಲಿ ಇರುತ್ತಿದ್ದ ಮುದುಕಿ. ದುಡಿಯುವ ಕಾಲಕ್ಕೆ ಹೊಲದ ಕೂಲಿ ಮಾಡಿ ಈ ಮಗಳನ್ನು ಓದಿಸಿದಾಕಿ. ಟೀಚರ್ ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ದೇವದುರ್ಗದ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದರು, ಸೋಮವಾರ ಬರುವಾಗ ನನಗೆಂದು ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ, ತರುತ್ತಿದ್ದರು. ಮುದುಕಿ ಬರುತ್ತಾಳೆಂದರೆ ಹಿಂಡಿಯೂ ಬರುತ್ತದೆ ಎಂದು ನಾನು ಮೊದಲು ಕೈ ಎತ್ತಿದೆ.

ಹೀಗೆ ನಾಲ್ಕು ಜನರಾದೆವು: ಪಿ.ಟಿ. ಟೀಚರ್, ಅವರ ತಾಯಿ, ಸೈನ್ಸ್ ಟೀಚರ್, ಕನ್ನಡ ಪಾಠ ಹೇಳುವ ನಾನು. ಸಂಚಿ ಹೊರಗೆ ಬಂತು. ಊಟದ ಖಾನೆ ತೆಳ್ಳಗೆ ಇರಲಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಂಡು ಹೋಗೋಣ, ದಿನಕ್ಕೆ ಒಂದು ಬಿಸಿ ಊಟ ಮಾತ್ರ ಕೊಳ್ಳೋಣ ಎಂದಾಯಿತು. ಅಲ್ಲಿ ನಮ್ಮ ನೂರರ ನೋಟು ಸಲೀಸಾಗಿ ನಡೆಯುತ್ತದೆ, ನಮ್ಮ ನೂರು ಅವರ ನೂರ ಅರವತ್ತು ಎಂದು ತಿಳಿದ ಮೇಲೆ, ಟೀಚರ್ ಸಂತೆಯಲ್ಲಿ, ಕಿರಾಣಿಯಲ್ಲಿ ಎಲ್ಲಿ ನೋಡಿದರಲ್ಲಿ ದೊಡ್ಡ ನೋಟು ಕೊಟ್ಟು ನೂರರ ನೋಟು ಇಸಿದುಕೊಳ್ಳತೊಡಗಿದರು. ಇವರ ದೆಸೆಯಿಂದ ಮಾನ್ವಿಯ ತರಕಾರಿ ಮಾರುವವರ ಹತ್ತಿರ ಚಿಲ್ಲರೆ ಸಿಗದಂತಾಗಿತ್ತು ಎಂದು ನಾನು ತಮಾಷೆ ಮಾಡುತ್ತಿದ್ದೆ.

ತಕರಾರು ಬಂದದ್ದು ನಡುವಿನ ಖಾನೆಯಲ್ಲಿ. ಮೂರು ಖಾನೆಗಳಲ್ಲಿ ಅದೇ ಎಲ್ಲಕ್ಕಿಂತ ಉಬ್ಬಿತ್ತು. ಟೀಚರ್ ನಾಲ್ವರಿಗೆ ಎರಡು ರೂಮು ಹಿಡಿದಿದ್ದರು. ಒಂದು ನಮ್ಮಿಬ್ಬರಿಗೆ, ಇನ್ನೊಂದು ಅವರಿಗೂ ತಾಯಿಗೂ.

"ಮೇಡಂ, ಅಲ್ಲಿ ಯಾತ್ರಿಕರಿಗೆ ಪುಕ್ಕಟೆ ಮಲಗಾಕ ದೊಡ್ಡ ಹಾಲ್ ಅದಾವಂತ್ರಿ. ಖೋಲಿ ರೊಕ್ಕ ಉಳಸಿದ್ರ ಇನ್ನೂ ಎರಡು ಊರು ನೋಡಬಹುದು" ಎಂದು ಸೈನ್ಸ್ ಟೀಚರ್ ಮೊಬೈಲು ಮುಂದೆ ಹಿಡಿದಳು. ನನಗೂ ಅದು ಸರಿ ಅನ್ನಿಸಿತು. ಖೋಖೋ ಹುಡುಗಿಯರನ್ನು ಶಾಲೆಯ ವರಾಂಡದಲ್ಲಿ, ಕಲ್ಯಾಣ ಮಂಟಪದ ಜಮಖಾನೆಯ ಮೇಲೆ ಸಾಲಾಗಿ ಮಲಗಿಸಿ ಬಂದವರು ಇವರೇ ತಾನೆ?

"ಉಳಿದದ್ದಕ್ಕ ಏನರ ಮಾಡ್ರಿ. ಖೋಲಿ ಖಾನಿಗೆ ಕೈ ಹಾಕಬ್ಯಾಡ್ರಿ" ಅಂದರು. ಕೈ ಸೀಟಿಯ ಮೇಲೆ ಹೋಗಿತ್ತು.

ಪ್ರಾಕ್ಟೀಸ್ ಮ್ಯಾಚ್ ಇಲ್ಲದೆ ಅವರು ಯಾವ ಟೀಮನ್ನೂ ಮೈದಾನಕ್ಕೆ ಇಳಿಸಿದವರಲ್ಲ. ನಮ್ಮನ್ನು ಬಿಟ್ಟಾರೆಯೇ? ಒಂದು ಶನಿವಾರ, ಭಾನುವಾರ ರಾಯಚೂರಿಗೆ ಹೋಗುವುದು, ಆ ಎರಡು ದಿನ ರಾಯಚೂರೇ ನೇಪಾಳ ಎಂದು ತಿಳಿಯುವುದು ಎಂದು ಠರಾವಾಯಿತು. ನೇಪಾಳದಲ್ಲಿ ಒಂದು ದಿನಕ್ಕೆ ಎಷ್ಟು ಇಟ್ಟಿದ್ದೆವೋ ಅಷ್ಟೇ ಸಂಚಿಯಲ್ಲಿ. ಗುರುತಿನ ಅಂಗಡಿಗೆ ಹೋಗುವಂತಿಲ್ಲ. ಕೊಳ್ಳುವಾಗ ಕನ್ನಡ ಮಾತಾಡುವಂತಿಲ್ಲ. ನೆಂಟರ ಮನೆಯ ಹೆಸರೇ ಎತ್ತುವಂತಿಲ್ಲ.

ಕೋಟೆ ಹತ್ತಿದೆವು. ತೀನ್ ಕಂದೀಲ್ ಸರ್ಕಲ್ ಹತ್ತಿರ ನಾನು ಪೇರಲ ಹಣ್ಣಿನ ಗಾಡಿಯವನಿಗೆ "ಕಿತ್ನಾ ಭಾಯಿ" ಎಂದು ಗತ್ತಿನಿಂದ ಕೇಳಿದರೆ ಆತ, "ನೀವು ಮಾನ್ವಿಯೋರಲ್ಲೇನ್ರಿ? ತಗೋರಿ, ನಿಮಗ ಕಮ್ಮಿ ಹಚ್ಚಿ ಕೊಡ್ತೀನಿ" ಎಂದುಬಿಟ್ಟ. ನಾನು ಖುಷಿಯಿಂದ "ಎಷ್ಟಕ್ಕ ಕೊಡ್ತೀಯಪಾ" ಅಂದೆ. ಬೆನ್ನ ಹಿಂದೆ ಸೀಟಿ ಕೇಳಿತು. ಎರಡು ಆಟೋಗಳು ಬ್ರೇಕು ಹಾಕಿದವು. ಹಣ್ಣು ಕೊಳ್ಳಲು ಬಿಡಲಿಲ್ಲ.

ಮುದುಕಿ ಮಾತ್ರ ಇದನ್ನೆಲ್ಲ ನೋಡಿ ಸೆರಗು ಬಾಯಿಗೆ ಹಿಡಿದು ನಗುತ್ತ ನಡೆದಳು. ಅಂದು ನಾವು ಮಾಡಿದ ತಪ್ಪು ಸಂಜೆ ಲಾಡ್ಜಿನ ಕೌಂಟರಿನಲ್ಲಿ ತಿಳಿಯಿತು. ನಮ್ಮ ಕಡೆಯ ನಾಲ್ಕು ಹೆಂಗಸರು ಜಿಲ್ಲೆಯ ಊರಿಗೆ ಬಂದು ಲಾಡ್ಜಿನಲ್ಲಿ ಇಳಿಯುವುದು ಎಲ್ಲಾದರೂ ಉಂಟೇ? ದವಾಖಾನೆಗೆ ಬಂದರೂ, ಕೋರ್ಟಿಗೆ ಬಂದರೂ, ಸೀರೆ ಕೊಳ್ಳಲು ಬಂದರೂ ಇಳಿಯುವುದು ನೆಂಟರ ಮನೆಯಲ್ಲಿ. ಕೌಂಟರಿನವನು ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ:

"ಏನ ಕೆಲಸದ ಮ್ಯಾಲ ಬಂದೀರವ್ವಾ?"

"ಊರು ನೋಡಾಕ" ಎಂದಳು ಸೈನ್ಸ್ ಟೀಚರ್.

"ಯಾವ ಊರು?"

"ಇದೇ. ರಾಯಚೂರು."

ಅವನು ನಮ್ಮ ಆಧಾರ್ ಕಾರ್ಡು ನೋಡಿದ, ನನ್ನ ಮುಖ ನೋಡಿದ, ಒಳಗೆ ಹೋಗಿ ಫೋನು ಮಾಡಿದ. ಆಮೇಲೆ ತಿಳಿಯಿತು, ಅವನು ಚಂದ್ರಬಂಡದವನು, ಅವರಪ್ಪ ನೆಲ್ಲು ಹಾಕುವುದು ಇದೇ ಊರಿನಲ್ಲಿರುವ ನಮ್ಮಣ್ಣನ ರೈಸ್ ಮಿಲ್ಲಿಗೆ, ನನ್ನ ಮುಖದ ಗುರುತಿತ್ತು. ಸ್ವಲ್ಪ ಹೊತ್ತಿನಲ್ಲೇ ನಮ್ಮಣ್ಣ ಜೀಪಿನಿಂದ ಇಳಿದ. ಮನೆಯಲ್ಲಿ ಏನೋ ಕೆಟ್ಟದ್ದು ಆದವನ ಮುಖ.

"ತಂಗೀ, ನಿಮ್ಮ ಅತ್ತಿಗಿ ಏನರ ಅಂದಾಳೇನು? ತವರುಮನಿ ಇದ್ದ ಊರಾಗ ಲಾಡ್ಜಿಗೆ ಬಂದು ನಿಂತೀದಿ. ನಾ ಇನ್ನಾ ಸತ್ತಿಲ್ಲ."

ಪಿ.ಟಿ. ಟೀಚರ್ ಮುಂದೆ ಬಂದು ಶಾಂತವಾಗಿ, "ಅಣ್ಣಾರ, ಇವತ್ತು ನಾವು ನೇಪಾಳದಾಗ ಇದೀವ್ರಿ" ಅಂದರು.

ಅಣ್ಣ ಅವರನ್ನೂ ಅವರ ಸೀಟಿಯನ್ನೂ ನೋಡಿದ. "ನೇಪಾಳದಾಗೂ ನನ್ನ ತಂಗಿ ಲಾಡ್ಜಿನಾಗ ಇರಂಗಿಲ್ರಿ. ನಡೀರಿ, ಜೀಪ ಹತ್ರಿ ಎಲ್ಲಾರೂ."

ಕೀಲಿ ಕೌಂಟರಿನ ಮೇಲೇ ಉಳಿಯಿತು. ಜೀಪಿನಲ್ಲಿ ನಾನೂ ಸೈನ್ಸ್ ಟೀಚರೂ ನಗು ತಡೆಯಲಾರದೆ ಒದ್ದಾಡಿದೆವು. ಪಿ.ಟಿ. ಟೀಚರ್ ನಗಲಿಲ್ಲ, ಅವರು ತಾಯಿಯನ್ನೇ ನೋಡುತ್ತಿದ್ದರು. ಪ್ರಾಕ್ಟೀಸು ಕೆಟ್ಟಿತೆಂದು ಬೇಜಾರಾಗಿರಬೇಕು ಎಂದುಕೊಂಡೆ.

ಅಣ್ಣನ ಮನೆಯಲ್ಲಿ ಅತ್ತಿಗೆ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಪುಂಡಿ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಮೇಲೆ ಮೊಸರು. ನಾವು ಒಳಗೆ ಹೋಗಿ ಫ್ಯಾನಿನ ಕೆಳಗೆ ಕೂತೆವು. ತಿರುಗಿ ನೋಡಿದರೆ ಮುದುಕಿ ಬಂದಿರಲಿಲ್ಲ. ತಲೆಬಾಗಿಲ ಆಚೆ, ನಾವು ಬಿಟ್ಟ ಚಪ್ಪಲಿಗಳ ಪಕ್ಕ, ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಅತ್ತಿಗೆ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಕರೆದಳು.

"ಯವ್ವಾ, ಒಳಗ ಬರ್ರಿ. ಅಲ್ಲ್ಯಾಕ ಕುಂತೀರಿ?"

"ಇಲ್ಲೇ ಗಾಳಿ ಛಲೋ ಅದ ನನ್ನವ್ವಾ."

ರಾಯಚೂರಿನ ಸೆಕೆ ಗೊತ್ತಲ್ಲ? ಹೊರಗೆ ಒಂದು ಎಲೆ ಅಲುಗುತ್ತಿರಲಿಲ್ಲ. ಅಣ್ಣನೂ ಕರೆದ. ಅತ್ತಿಗೆ ಕೈ ಹಿಡಿದು ಕರೆದಳು. ಮುದುಕಿ ನಗುನಗುತ್ತಲೇ ಕೈ ಬಿಡಿಸಿಕೊಂಡಳು. ಕೊನೆಗೆ ಅತ್ತಿಗೆ ತಾಟು ಅಲ್ಲಿಗೇ ತಂದುಕೊಟ್ಟಳು. ಯಾರೂ ಆಕೆಯನ್ನು ಹೊರಗೆ ಕೂಡಿಸಿರಲಿಲ್ಲ. ಆ ಹೊಸ್ತಿಲು ಅವಳ ಮೈಯಲ್ಲೇ ಇತ್ತು.

ಪಿ.ಟಿ. ಟೀಚರ್ ತಾಟು ಹಿಡಿದು ಬಾಗಿಲಲ್ಲಿ ನಿಂತು ಉಂಡರು. ಅಣ್ಣ ಎಷ್ಟು ಹೇಳಿದರೂ ಕೂಡಲಿಲ್ಲ. "ರೂಢಿ ರೀ" ಅಂದರು. ಒಳಗೆ ಬಂದು ಕೂತರೆ ತಾಯಿ ಹೊರಗೆ ಉಳಿಯುತ್ತಾಳೆ. ಹೊರಗೆ ಹೋಗಿ ಕೂತರೆ ಪ್ರೀತಿಯಿಂದ ಬಡಿಸಿದವರ ಮನಸ್ಸು ನೋಯುತ್ತದೆ. ಆ ರೂಢಿ ಎಲ್ಲಿಂದ ಬಂತು ಎಂಬುದು ಇಷ್ಟು ವರ್ಷಗಳಾದ ಮೇಲೆ ನನಗೆ ಅವತ್ತು ತಿಳಿಯಿತು. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ನಾನು ಆ ದಿನ ಎರಡೇ ರೊಟ್ಟಿ ಉಂಡೆ.

ಅತ್ತಿಗೆ ನಾಲ್ವರಿಗೂ ಹಾಸಿಗೆ ಹಾಸಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಒಂದು ಹಾಸಿಗೆ ಹಾಸಿದ ಹಾಗೇ ಇತ್ತು. ಮುದುಕಿ ಹೊರಗಿನ ಕಟ್ಟೆಯ ಮೇಲೆ ತಾನು ತಂದಿದ್ದ ಕೌದಿ ಮಡಚಿಟ್ಟು, ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು.

ಮಾನ್ವಿಗೆ ಮರಳುವ ಬಸ್ಸಿನಲ್ಲಿ ಮುದುಕಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಪಿ.ಟಿ. ಟೀಚರ್ ನಮ್ಮ ಸೀಟಿನ ಕಡೆ ಬಾಗಿ ತಾವೇ ಮಾತು ತೆಗೆದರು.

"ನೋಡಿದ್ರಿಲ್ಲ? ನಾ ಸಣ್ಣಾಕಿದ್ದಾಗ ಜಾಲಹಳ್ಳಿ ಕಡಿ ಹತ್ತಿ ಬಿಡಸಾಕ ಹೋಗ್ತಿದ್ವಿ. ಹೊಲದೋರ ದನದ ಕೊಟ್ಟಿಗ್ಯಾಗ ಮಲಗೋದು. ಮಳಿ ಬಂದ್ರೂ ಅಕಿ ಅವರ ಕಟ್ಟಿ ಹತ್ತತಿದ್ದಿಲ್ಲ. ಈಗ ಕರಿಯೋರು ಅದಾರ, ಬಾಗಲಾ ತೆರದದ. ಆದ್ರ ನಮ್ಮವ್ವ ಮಂದಿ ಬಾಗಲಾ ದಾಟಂಗಿಲ್ರಿ. ನಮ್ಮ ಹೆಡ್‌ಮಾಸ್ತರ ಮನಿಗಿ ಕರಕೊಂಡು ಹೋದ್ರೂ ಚಪ್ಪಲಿ ಹಂತೇಲೇ ಕುಂದರ್ತಾಳ. ಹಾಲ್‌ನಾಗ ಪುಕ್ಕಟ ಮಲಗಿಸಿದ್ರ ಅಲ್ಲೂ ಬಾಗಲಾ ಹುಡುಕ್ಕೊಂಡು ಹೋಗಿ ಕುಂದರ್ತಾಳ. ಅದಕ್ಕ ಅಕಿ ಕೈಯಿಂದ ರೊಕ್ಕ ಕೊಡಿಸಿ, ಅಕಿ ಕೈಯಾಗ ಒಂದು ಕೀಲಿ ಇಡಬೇಕು ಅಂತ ಮಾಡೀನಿ. ಲಾಡ್ಜಿನಾಗ ಯಜಮಾನ್ರು ಇರಂಗಿಲ್ಲಲ್ರಿ, ರೊಕ್ಕ ಕೊಟ್ಟೋರೇ ಯಜಮಾನ್ರು. ಒಮ್ಮೆ ಆದ್ರೂ ಅಕಿ ಒಂದು ಖೋಲಿಗಿ ತಾನಾಗಿ ಹೋಗಿ ಕುಂದರ್ಲಿ. ನನಗ ನೇಪಾಳದಾಗ ನೋಡೋದು ಅದೊಂದೇ."

ಸೈನ್ಸ್ ಟೀಚರ್ ಮೊಬೈಲು ಬ್ಯಾಗಿಗೆ ಹಾಕಿದಳು. ಆಮೇಲೆ ನಾವ್ಯಾರೂ ಆ ಖಾನೆಯ ಸುದ್ದಿ ಎತ್ತಲಿಲ್ಲ. ಬದಲಿಗೆ ನಾವಿಬ್ಬರೂ ಮನೆಯಲ್ಲಿ ಕೂಡಿಟ್ಟ ನೂರರ ನೋಟುಗಳನ್ನು ತಂದು ಅದರೊಳಗೇ ತುರುಕಿದೆವು. ಟೀಚರ್ ಬೇಡವೆನ್ನಲಿಲ್ಲ, ಫೌಲ್ ಎಂದೂ ಅನ್ನಲಿಲ್ಲ.

ದಸರೆಗೆ ಹೊರಟೆವು. ರೈಲು ಬದಲಿಸುತ್ತ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಗಡಿ. ದಾರಿಯುದ್ದಕ್ಕೂ ರೊಟ್ಟಿ ಮುರಿದು ಹಿಂಡಿ ಹಚ್ಚಿ ತಿಂದದ್ದೇ ತಿಂದದ್ದು. ಎದುರಿನ ಸೀಟಿನ ಬಿಹಾರದ ಸಂಸಾರವೊಂದು ನಮ್ಮ ಶೇಂಗಾ ಹಿಂಡಿ ತಿಂದು ನೀರು ಕುಡಿಯುತ್ತ ಕಣ್ಣೊರೆಸಿಕೊಂಡಿತು. ಗಡಿಯ ಕಮಾನಿನ ಕೆಳಗೆ ನಡೆದು ದಾಟಿದಾಗ ಮುದುಕಿ ತಿರುಗಿ ನೋಡಿ, "ಇಷ್ಟೇನಾ ಫಾರಿನ್?" ಅಂದಳು. "ಇಷ್ಟೇ ಬೇ" ಅಂದರು ಮಗಳು. "ಮತ್ತ ಇದಕ್ಕ ಇಷ್ಟು ವರ್ಷ ಹೆದರಿದ್ವಲ್ಲ" ಅಂದಳು ಮುದುಕಿ.

ಲುಂಬಿನಿಯ ಆ ಹೋಟೆಲು ಸಣ್ಣದು. ನಡೆಸುತ್ತಿದ್ದವಳು ಒಬ್ಬ ನೇಪಾಳಿ ಹೆಂಗಸು. ಟೀಚರ್ ಸಂಚಿಯನ್ನು ತಾಯಿಯ ಕೈಗೆ ಕೊಟ್ಟು, "ಯವ್ವಾ, ನಡುವಿನ ಖಾನ್ಯಾಗಿಂದು ತಗದು ಕೊಡು" ಎಂದರು. ಮುದುಕಿ ಉಗುಳು ಹಚ್ಚಿ ಒಂದೊಂದೇ ನೋಟು ಬಿಡಿಸಿ ಕೊಟ್ಟಳು. ಆ ಹೆಂಗಸು ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು, "ಆಮಾ" ಎಂದು, ಅವರ ಮಾತಿನಲ್ಲಿ ಅವ್ವಾ ಎಂದು ಕರೆದು, ಮುದುಕಿಗೇ ಕೊಟ್ಟಳು. ಟೀಚರ್ ನನ್ನ ಕಡೆ ನೋಡಿದರು. ಖೋಖೋ ಫೈನಲ್ಲಿನಲ್ಲೂ ಅವರ ಮುಖ ಅಷ್ಟು ಬಿಗಿದದ್ದನ್ನು ನಾನು ಕಂಡಿರಲಿಲ್ಲ.

ಮುದುಕಿ ಕೀಲಿ ತಿರುಗಿಸಿ ಬಾಗಿಲು ತೆರೆದಳು. ಒಳಗೆ ಬಿಳಿ ಹಾಸಿಗೆ, ಕಿಟಕಿ, ಒಂದು ಕುರ್ಚಿ. ಇಣುಕಿ ನೋಡಿದಳು, ಛಲೋ ಅದ ಅಂದಳು, ಹೊರಗೆ ಒಂದು ಬದಿ ತೆರೆದಿದ್ದ ಓಣಿಯಂಥ ಜಾಗದಲ್ಲಿ ಚಪ್ಪಲಿಗಳ ಪಕ್ಕ ಗೋಡೆಗೆ ಬೆನ್ನು ಹಚ್ಚಿ ಕೂತುಬಿಟ್ಟಳು.

ಆ ರಾತ್ರಿ ಟೀಚರ್ ಒತ್ತಾಯ ಮಾಡಿ ಒಳಗೆ ಕರೆದರೆ ಬಾಗಿಲ ಬುಡದಲ್ಲಿ ನೆಲದ ಮೇಲೆ ಕೌದಿ ಹಾಸಿಕೊಂಡು ಮಲಗಿದಳಂತೆ. ಬೆಳಿಗ್ಗೆ ನಮ್ಮ ರೂಮಿಗೆ ಬಂದ ಟೀಚರ್ ಸೀಟಿಯ ದಾರ ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದರು. "ಆಗಲಿಲ್ರೀ" ಎಂದರು. ಅಷ್ಟೇ. ನಾನು ಅವರ ಭುಜ ಹಿಡಿದು ಕೂಡಿಸಲು ನೋಡಿದೆ, ಕೂಡಲಿಲ್ಲ.

ಬುದ್ಧ ಹುಟ್ಟಿದ ಜಾಗಕ್ಕೆ ಎಲ್ಲರೂ ಸೇರಿ ಹೋದೆವು. ಮುದುಕಿ ಅಲ್ಲಿ ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು, ಅಲ್ಲಿ ಚಪ್ಪಲಿ ಎಲ್ಲರದೂ ಹೊರಗೇ. ಸುತ್ತಲೂ ಒಂದೊಂದು ದೇಶದವರು ಕಟ್ಟಿಸಿದ ಗುಡಿಗಳಿವೆ, ಅವನ್ನು ಮರುದಿನ ನೋಡುವುದು ಎಂದಿತ್ತು. ಮರುದಿನ ಹೊರಡುವ ಹೊತ್ತಿಗೆ ಮುದುಕಿ, "ಕಾಲು ನೋಯಾಕತ್ತಾವ. ನೀವು ಹೋಗಿ ಬರ್ರಿ, ನಾ ಇಲ್ಲೇ ಇರ್ತೀನಿ" ಎಂದಳು. ಎಲ್ಲಿ ಇರುತ್ತಾಳೆ ಎಂಬುದು ನಮಗೆ ಗೊತ್ತೇ ಇತ್ತು. ಟೀಚರ್ ಓಣಿಯಲ್ಲಿ ಆಕೆಯ ಪಕ್ಕ ಒಂದು ನೀರಿನ ಬಾಟಲಿ ಇಟ್ಟು ಹೊರಟರು. ಅಂದು ನೋಡಿದ ಗುಡಿಗಳು ಒಂದಕ್ಕಿಂತ ಒಂದು ಚೆಂದ. ಅವರು ಯಾವುದನ್ನೂ ನೋಡಲಿಲ್ಲ. ಸೈನ್ಸ್ ಟೀಚರ್ ತಾನಾಗಿಯೇ ಎರಡು ಗುಡಿ ಬಿಟ್ಟು ಬೇಗ ಮರಳೋಣ ಎಂದಳು.

ಮಧ್ಯಾಹ್ನ ಹೋಟೆಲಿನ ಮೆಟ್ಟಿಲು ಹತ್ತಿ ಬಂದರೆ ಓಣಿ ಖಾಲಿ. ನೀರಿನ ಬಾಟಲಿಯೂ ಇಲ್ಲ. ಟೀಚರ್ ಗಾಬರಿಯಾಗಿ ರೂಮಿನ ಬಾಗಿಲು ದೂಡಿದರು. ಒಳಗಿನಿಂದ ಚಿಲಕ ಹಾಕಿತ್ತು. ಬಡಿದರು.

"ಯಾರದು?"

"ನಾನಽ ಬೇ."

"ತಡಿ, ಬಂದೆ."

ಚಿಲಕ ತೆಗೆದು ಮುದುಕಿ ಬಾಗಿಲಲ್ಲಿ ನಿಂತಳು. ಸ್ನಾನ ಮಾಡಿ, ತಲೆ ಬಾಚಿ, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಹಾಸಿಗೆ ಸುಕ್ಕಾಗಿತ್ತು. ಕಿಟಕಿ ತೆರೆದಿತ್ತು, ಕುರ್ಚಿ ಕಿಟಕಿಯ ಹತ್ತಿರ ಸರಿದಿತ್ತು.

"ಏನಾತು ಯವ್ವಾ?" ಎಂದು ಟೀಚರ್ ಕೇಳಿದರು. ದನಿ ಸಣ್ಣಗಾಗಿತ್ತು.

"ಏನಿಲ್ಲ ಬಿಡು. ನೀವು ಹೋದಮ್ಯಾಲ ಹೊರಗ ಭಾಳ ಬಿಸಲು ಬಿತ್ತು. ಯಾರೂ ಇದ್ದಿಲ್ಲಲ್ಲ, ಒಂದೀಟು ಒಳಗ ಬಂದು ಕೆಳಗ ಕುಂತಿದ್ನಿ. ಆ ಹೋಟೆಲಿನಾಕಿ ಬಂದ್ಲು, ಹಾಸಿಗಿ ಬಟ್ಟಿ ಬದಲಿ ಮಾಡಾಕ. ಬಾಗಲಾ ತೆರದೇ ಇತ್ತು. ಆದ್ರೂ ಒಳಗ ಬರ್ಲಿಲ್ಲ ಬೇ. ಬಾಗಲಾಗ ನಿಂತು ಬಾಗಲಾ ಬಡದ್ಲು. ನಾ ಸುಮ್ನ ನೋಡೇ ನೋಡಿದ್ನಿ. ಅಕಿನೂ ನಿಂತೇ ನಿಂತ್ಲು. ನಾ ಕರಿಯಾಕಂತ ನಿಂತಾಳ ಅಂತ ಆಮ್ಯಾಲ ತಿಳೀತು. ಬಾ ಅನ್ನಾಕ ಹಿಂದ್ಯಾಗ 'ಆವ್' ಅಂದ್ನಿ. ಆಗ ಬಂದ್ಲು." ಮುದುಕಿ ಸ್ವಲ್ಪ ತಡೆದು ಮತ್ತೆ ಅದನ್ನೇ ಹೇಳಿದಳು. "ನಾ ಅನ್ನೋತನಕ ಒಳಗ ಬರ್ಲಿಲ್ಲ ಬೇ ಅಕಿ."

ನಾವು ಮೂವರೂ ಓಣಿಯಲ್ಲೇ ನಿಂತಿದ್ದೆವು. ನನಗಂತೂ ಆ ಬಾಗಿಲು ದಾಟಲು ಕಾಲು ಬರಲಿಲ್ಲ. ಮುದುಕಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಹೊರಗ ಯಾಕ ನಿಂತೀರಿ? ಬರ್ರಿ, ಒಳಗ ಬರ್ರಿ ಟೀಚರ್. ಚಪ್ಪಲಿ ಅಲ್ಲೇ ಬಿಡ್ರಿ."

ಬಿಟ್ಟೆವು. ನೆಲದ ಮೇಲೆ ಕೌದಿ ನಾಲ್ಕು ಮಡಿಕೆ ಮಾಡಿ ಹಾಸಿದ್ದಳು. ನಡುವೆ ರೊಟ್ಟಿ, ಎರಡು ಬಗೆಯ ಹಿಂಡಿ, ಹೋಟೆಲಿನವಳನ್ನು ಕೇಳಿ ಇಸಿದುಕೊಂಡ ಮೊಸರು. ಅದಕ್ಕೆ ತಾನೇ ಸಂಚಿಯಿಂದ ದುಡ್ಡು ಕೊಟ್ಟೆ, ಊಟದ ಖಾನೆಯದನ್ನೇ ಕೊಟ್ಟೆ ಎಂದು ಮಗಳಿಗೆ ಮೊದಲೇ ಹೇಳಿದಳು. ನಾನೂ ಸೈನ್ಸ್ ಟೀಚರೂ ಕೂತೆವು. ಪಿ.ಟಿ. ಟೀಚರ್ ಒಂದು ರೊಟ್ಟಿ ಅಂಗೈಗೆ ಎತ್ತಿಕೊಂಡು, ಎಂದಿನಂತೆ ಬಾಗಿಲಿನ ಹತ್ತಿರ ಹೋಗಿ ನಿಂತರು.

"ನೀ ಯಾಕ ನಿಂತೀಬೇ?" ಎಂದಳು ಮುದುಕಿ, ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟುತ್ತ. "ನಮ್ಮ ಖೋಲಿಗಿ ಬಂದು ನಿಂತು ಉಣ್ತಾರೇನು? ಕುಂದ್ರು."

ಟೀಚರ್ ಕೂತರು. ಕೊರಳಿನ ಸೀಟಿ ತೆಗೆದು ಪಕ್ಕಕ್ಕಿಟ್ಟು, ಕಾಲು ಮಡಚಿ, ತಾಯಿ ಹಾಕಿದ್ದನ್ನೆಲ್ಲ ಹಾಕಿಸಿಕೊಂಡು ಉಂಡರು.